ಲಾಭ, ಆಮೇಲೆ ಒಂದು

ಯಾರಾದರೂ ಇಂಥ ಸಂಗತಿ ಹೇಳಲು ಶುರುಮಾಡಿದರೆ ಮೆಲ್ಲಗೆ ಎದ್ದು ಒಳಗೆ ಹೋಗಿ ಕುಕ್ಕರ್ ಇಡುವವರ ಪೈಕಿ ನಾನು. ಶಕುನ, ಸೂಚನೆ, ಕನಸಿನಲ್ಲಿ ಬಂದು ಮಾತಾಡಿದ ಹಿರಿಯರು, ಇದ್ಯಾವುದನ್ನೂ ನಂಬಿದವಳಲ್ಲ. ಇಪ್ಪತ್ತೆಂಟು ವರ್ಷ ಊಟಿಯ ಶಾಲೆಯೊಂದರಲ್ಲಿ ಗಣಿತ ಕಲಿಸಿದ್ದೇನೆ. ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತು ಎಂದು ಹುಡುಕಿದರೆ ಸಿಕ್ಕೇ ಸಿಗುತ್ತದೆ, ಸಿಗದಿದ್ದರೆ ಸರಿಯಾಗಿ ಹುಡುಕಿಲ್ಲ ಎಂದೇ ಅರ್ಥ ಅಂತ ಮಕ್ಕಳಿಗೆ ಹೇಳುತ್ತಿದ್ದೆ. ಈಗ ಹೇಳಹೊರಟಿರುವುದರಲ್ಲಿ ತಪ್ಪು ಎಲ್ಲಿ ಆಯಿತು ಎಂಬುದು ನನಗೆ ಗೊತ್ತು. ಕಣ್ಣಾರೆ ನೋಡಿದ್ದೇನೆ. ಆದರೂ ಐದು ವರ್ಷದಿಂದ ಈ ಲೆಕ್ಕ ನನ್ನ ತಲೆಯಿಂದ ಇಳಿದಿಲ್ಲ.

ಮೊದಲು ನಮ್ಮ ಅತ್ತೆಯ ವಿಷಯ ಹೇಳಬೇಕು. ನಮ್ಮವರು ಗುಂಡ್ಲುಪೇಟೆ ಕಡೆಯಿಂದ ಘಟ್ಟ ಹತ್ತಿ ಬಂದವರು. ಮಾವನವರ ಕಾಲದಲ್ಲಿ ಊಟಿಯಲ್ಲಿ ರಾಗಿ, ಅವರೆ, ಹುರುಳಿ ಮಾರುವ ಅಂಗಡಿ ಇತ್ತು. ಅಳೆಯುವ ಕೆಲಸ ಅತ್ತೆಯದು. ಬಳ್ಳದಲ್ಲಿ ರಾಗಿ ಅಳೆಯುವಾಗ ಮೊದಲ ಬಳ್ಳಕ್ಕೆ ಅವರು "ಒಂದು" ಎನ್ನುತ್ತಿರಲಿಲ್ಲ, "ಲಾಭ" ಎನ್ನುತ್ತಿದ್ದರು. ಲಾಭ, ಎರಡು, ಮೂರು, ನಾಲ್ಕು. ಹಳಬರು ಬಹಳ ಜನ ಹೀಗೇ ಅಳೆಯುತ್ತಿದ್ದರು, ನೀವೂ ಕೇಳಿರಬಹುದು. ಅಂಗಡಿ ಮುಚ್ಚಿ, ನಂಜನಾಡಿನಲ್ಲಿ ಎರಡು ಎಕರೆ ಗುತ್ತಿಗೆಗೆ ಹಿಡಿದು ಕ್ಯಾರೆಟ್ ಬೆಳೆಯತೊಡಗಿದ ಮೇಲೂ ಅತ್ತೆಯ ಎಣಿಕೆ ಬದಲಾಗಲಿಲ್ಲ. ಮೂಟೆಯಾಗಲಿ, ತೆಂಗಿನಕಾಯಾಗಲಿ, ಒಗೆಯಲು ಹಾಕಿದ ಸೀರೆಯಾಗಲಿ, ಮೊದಲನೆಯದು ಲಾಭವೇ.

ಮದುವೆಯಾದ ಹೊಸದರಲ್ಲಿ ನಾನು ಅವರನ್ನು ಇದೇ ವಿಷಯಕ್ಕೆ ರೇಗಿಸುತ್ತಿದ್ದೆ. ಒಂದು ಅಂದರೆ ಏನು ನಷ್ಟ ಅತ್ತೆ ಅಂತ. "ಒಂದು ಅಂತ ಎಣಿಸಾಕೆ ಅದೇನು ಅವರೆಕಾಯ? ಅದು ಅವನು ಕಣ ಮಗ. ಎಣಿಕೆ ಸುರುವಾಗದೇ ಎರಡರಿಂದ" ಎಂದಿದ್ದರು. ಓದುಬರಹ ಇಲ್ಲದ ಹೆಂಗಸು. ದೇವರು ಒಬ್ಬನೇ ಎಂದು ಎಲ್ಲರೂ ಹೇಳುತ್ತಾರೆ, ಹೇಳಿ ಮುಂದೆ ಹೋಗುತ್ತಾರೆ. ಇವರು ಅದನ್ನು ರಾಗಿ ಬಳ್ಳದ ತನಕ ಇಳಿಸಿಕೊಂಡಿದ್ದರು. ಪೂಜೆಗೆ ಬಿಲ್ವಪತ್ರೆ ನೂರಲ್ಲ, ನೂರೊಂದು. ಮೇಲಿನ ಆ ಒಂದು ಯಾರಿಗೆ ಎಂದರೆ ಅದೂ ಅವನಿಗೇ.

ಅದೇ ಬಾಯಿಂದ ಇನ್ನೊಂದು ಮಾತು. ತಟ್ಟೆಗೆ ಒಂದೇ ದೋಸೆ ಹಾಕಬಾರದು. ಒಂಟಿ ಸೀನು ಸೀನಿದರೆ ಹೊರಟವರು ಕೂತು ನೀರು ಕುಡಿದು ಹೋಗಬೇಕು. ಒಂಟಿ ಬತ್ತಿಯ ದೀಪ ಹಚ್ಚಬಾರದು, ಅದು ಹೆಣದ ತಲೆದೆಸೆಗೆ. ನನಗೆ ನಗು ಬರುತ್ತಿತ್ತು. "ಹಾಗಾದ್ರೆ ನಿಮ್ಮ ದೇವರೂ ಒಂಟಿ ತಾನೇ ಅತ್ತೆ, ಅವನೂ ಅಪಶಕುನವೇ?" ಎಂದು ಕೇಳಿದ್ದೆ. ಅತ್ತೆ ಸೊಪ್ಪು ಸೋಸುವುದನ್ನು ಬಿಟ್ಟು ನನ್ನ ಮುಖ ನೋಡಿ, "ಅವನ್ಯಾಕೆ ಒಂಟಿ ಆದಾನು, ನಾವು ಇಷ್ಟು ಜನ ಇಲ್ವಾ?" ಎಂದರು. ಮಾತಿನಲ್ಲಿ ಅವರನ್ನು ಗೆಲ್ಲಲು ಆಗುತ್ತಿರಲಿಲ್ಲ.

ನಾನು ಹೇಳುವ ಕಾಲಕ್ಕೆ ಅತ್ತೆಗೆ ಎಂಬತ್ತು ದಾಟಿತ್ತು. ಕಿವಿ ಪೂರ್ತಿ ಮಂದ, ಬಾಯನ್ನು ಕಿವಿಗೇ ಇಟ್ಟು ಕೂಗಬೇಕಿತ್ತು. ಮರೆವು ಶುರುವಾಗಿ ಎರಡು ವರ್ಷವಾಗಿತ್ತು. ನನ್ನನ್ನು ಒಮ್ಮೊಮ್ಮೆ ಸತ್ತುಹೋದ ತಂಗಿಯ ಹೆಸರಿನಿಂದ ಕರೆಯುವರು. ಉಂಡು ಕೈ ತೊಳೆದು ಬಂದು ಊಟ ಹಾಕಲಿಲ್ಲವಲ್ಲ ಎನ್ನುವರು. ಬಾಗಿಲು ತೆರೆದಿದ್ದರೆ ಸೀದಾ ಬಸ್‌ಸ್ಟ್ಯಾಂಡ್ ಕಡೆಗೆ ನಡೆದುಬಿಡುವರು. ಉಳಿದದ್ದೆಲ್ಲ ಉದುರಿಹೋದರೂ ಎಣಿಕೆ ಮಾತ್ರ ಉಳಿದಿತ್ತು. ಕಿಟಕಿಯ ಕಂಬಿ, ನನ್ನ ಬಳೆ, ಬೀದಿಯಲ್ಲಿ ಹೋಗುವ ಕುದುರೆ, ದಿನವಿಡೀ ಲಾಭ, ಎರಡು, ಮೂರು. ಒಮ್ಮೆಯೂ ತಪ್ಪುತ್ತಿರಲಿಲ್ಲ. ಶಾಲೆ, ಅಡುಗೆ, ಹೊಲ, ಇವರ ಹಿಂದೆ ಓಡುವುದು, ಇದರಲ್ಲಿ ನಾನು ಸವೆದುಹೋಗಿದ್ದೆ. ಕಣ್ಣು ಮುಚ್ಚಿದರೂ ಆ ಎಣಿಕೆ ಕಿವಿಯಲ್ಲಿ ಕೇಳುತ್ತಿತ್ತು. ದೇವರೇ, ಒಂದು ದಿನ ಇವರು ಎಣಿಸುವುದನ್ನು ನಿಲ್ಲಿಸಲಿ ಎಂದು ಬೇಡಿಕೊಂಡದ್ದೂ ಉಂಟು. ಸುಳ್ಳು ಯಾಕೆ ಹೇಳಲಿ.

ಅದು ಡಿಸೆಂಬರಿನ ಒಂದು ಶನಿವಾರ. ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ ಬೀಳುವ ದಿನಗಳು. ಕ್ಯಾರೆಟ್ ಕೀಳಬೇಕಿತ್ತು. ನಮ್ಮೆಜಮಾನರು ಲೋಡಿನ ಜೊತೆ ಮೆಟ್ಟುಪಾಳ್ಯಕ್ಕೆ ಹೋಗಬೇಕಾದ್ದರಿಂದ ಹೊಲದಲ್ಲಿ ನಿಲ್ಲುವ ಕೆಲಸ ನನಗೆ ಬಂತು. ಅತ್ತೆಯನ್ನು ಮನೆಯಲ್ಲಿ ಬಿಟ್ಟು ಹೋಗುವಂತಿಲ್ಲ. ಎರಡು ಸ್ವೆಟರ್ ಹಾಕಿ, ತಲೆಗೆ ಶಾಲು ಸುತ್ತಿ ಕರೆದುಕೊಂಡು ಹೋದೆ. ಕೆಲಸಕ್ಕೆ ಹತ್ತು ಹೆಂಗಸರು. ಅವರನ್ನು ಕರೆತರುವವಳು ಮಾದಮ್ಮ, ಪಕ್ಕದ ಹಟ್ಟಿಯ ಬಡಗರ ಹೆಂಗಸು, ಹತ್ತರಲ್ಲಿ ಅವಳೂ ಒಬ್ಬಳು. ಬೆಳಿಗ್ಗೆ ಪಿಕಪ್ಪಿನಿಂದ ಅವರು ಇಳಿಯುವಾಗ ಅತ್ತೆ ಊರುಗೋಲಿನಿಂದ ಒಬ್ಬೊಬ್ಬರ ಭುಜ ಮುಟ್ಟಿ ಎಣಿಸಿದರು. ಲಾಭದಿಂದ ಹತ್ತರವರೆಗೆ. ಹೆಂಗಸರು ನಕ್ಕು ತಲೆ ಬಗ್ಗಿಸಿ ಕೊಟ್ಟರು. ಬಡಗರು ಅಜ್ಜಿಯನ್ನು ಹೆತ್ತೆ ಎನ್ನುತ್ತಾರೆ, ಅವರ ಕುಲದೇವಿಯ ಹೆಸರೂ ಅದೇ. ಮಾದಮ್ಮ ನಮ್ಮ ಅತ್ತೆಯನ್ನು ಹಾಗೇ ಕರೆಯುತ್ತಿದ್ದಳು.

ಎರಡು ಗಂಟೆಗೆ ಲಾರಿ ಹೋಯಿತು. ಉಳಿದ ಪಾತಿಗಳನ್ನು ಮುಗಿಸುವ ಹೊತ್ತಿಗೆ ಐದು ದಾಟಿತು. ಮಂಜು ಕೆಳಗಿನ ಕಣಿವೆಯಿಂದ ಹತ್ತಿ ಬಂದು ಮೆಟ್ಟಿಲು ಹೊಲಗಳನ್ನು ಒಂದೊಂದಾಗಿ ಮುಚ್ಚುತ್ತಿತ್ತು. ನನಗೆ ನಿಂತು ನಿಂತು ಸೊಂಟ ಬಿದ್ದುಹೋಗಿತ್ತು. ಮನೆಯಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಎರಡು ಕಟ್ಟು ಕಾದಿದ್ದವು. ಪಿಕಪ್ಪಿನ ಡ್ರೈವರ್ ಇಂಜಿನ್ ಆನ್ ಮಾಡಿಕೊಂಡೇ ಕೂತಿದ್ದ, ಆಫ್ ಮಾಡಿದರೆ ಚಳಿಗೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ ಅಂತ. ಹೆಂಗಸರು ಹಿಂದಕ್ಕೆ ಹತ್ತತೊಡಗಿದರು. ಅತ್ತೆ ಪಕ್ಕದಲ್ಲಿ ನಿಂತು ಕೋಲು ಎತ್ತಿದರು.

"ಲಾಭ" ಎಂದು ಮಾದಮ್ಮನ ಭುಜ ಮುಟ್ಟಿದರು. ಎರಡನೆಯವಳನ್ನು ಮುಟ್ಟಿ "ಒಂದು" ಎಂದರು.

ಮೂವತ್ತು ವರ್ಷದಲ್ಲಿ ಆ ಬಾಯಿಂದ ಎಣಿಕೆಯ ನಡುವೆ ಆ ಶಬ್ದ ನಾನು ಕೇಳಿರಲಿಲ್ಲ. ಎರಡು, ಮೂರು ಎಂದು ಮುಂದುವರಿದು ಕೊನೆಯವಳಿಗೆ ಬಂದಾಗ ಲೆಕ್ಕ ಒಂಬತ್ತಕ್ಕೆ ನಿಂತಿತು. ನಿಲ್ಲಲೇಬೇಕಲ್ಲ, ಲಾಭವನ್ನೂ ಹೇಳಿ ಒಂದನ್ನೂ ಹೇಳಿದರೆ ಕೊನೆಗೆ ಒಂದು ಕಡಿಮೆಯೇ ಬರುವುದು. ಅಯ್ಯೋ, ಎಣಿಕೆಯೂ ಹೋಯಿತಲ್ಲ ಇವರದು ಎನಿಸಿತು. ಅಷ್ಟರಲ್ಲಿ ಅತ್ತೆ, "ಒಬ್ಳು ಇಲ್ಲ" ಎಂದರು.

ಎಲ್ಲರೂ ಇದ್ದಾರೆ ಎಂದು ಕಿವಿಯಲ್ಲಿ ಕೂಗಿದೆ. ಮತ್ತೆ ಎಣಿಸಿದರು. ಲಾಭ, ಒಂದು, ಎರಡು. ಮತ್ತೆ ಒಂಬತ್ತು. ನಾನು ಅವರ ಕೈ ಹಿಡಿದು, ಲಾಭ ಅಂದರೇನೇ ಒಂದು ಅತ್ತೆ, ಎರಡು ಸಲ ಹೇಳುತ್ತಿದ್ದೀರಿ ಎಂದು ತಿಳಿಸಿ ಹೇಳಿದೆ. "ನಂಗೇ ಹೇಳ್ಕೊಡ್ತೀಯ? ಲಾಭ ಅಂದ್ರೆ ಒಂದೇ ಕಣ, ನಂಗೊತ್ತಿಲ್ವ" ಎಂದವರು ಮೂರನೇ ಸಲವೂ ಅದೇ ತಪ್ಪು ಮಾಡಿದರು. ಆಮೇಲೆ ಪಿಕಪ್ಪಿನ ಮುಂದೆ ಹೋಗಿ, ಚಕ್ರಕ್ಕೆ ಅಡ್ಡವಾಗಿ ಒದ್ದೆ ಮಣ್ಣಿನಲ್ಲಿ ಕೂತುಬಿಟ್ಟರು. "ಒಬ್ಳುನ್ನ ಬುಟ್ಬುಟ್ಟು ಹೊಂಟ್ರಲ್ಲ, ನಿಮ್ ಮನೆ ಹಾಳಾಗ! ನಾ ಬರಾಕಿಲ್ಲ" ಎಂದು ಗೋಳಾಡಿ ಅಳತೊಡಗಿದರು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಾರಲ್ಲ, ಅದು. ಡ್ರೈವರ್ ತಮಿಳಿನಲ್ಲಿ ಗೊಣಗಿದ. ಹೆಂಗಸರು ಮನೆಗೆ ಹೋಗಿ ಒಲೆ ಹಚ್ಚಬೇಕು. ನನಗೆ ಎಲ್ಲಿತ್ತೋ ಆ ಸಿಟ್ಟು, ಎರಡು ವರ್ಷದ್ದೂ ಒಟ್ಟಿಗೆ ಬಂತು. ಅತ್ತೆಯ ತೋಳು ಹಿಡಿದು ಎಳೆದೆ. ಏಳಿ, ನಿಮ್ಮ ಲೆಕ್ಕ ಸಾಕು, ನಿಮ್ಮಿಂದ ನನಗೆ ಒಂದು ದಿನ ನೆಮ್ಮದಿ ಇಲ್ಲ, ನಾನೇನು ಮನುಷ್ಯಳಲ್ಲವೇ, ಯಾರೂ ಇಲ್ಲ ಅಲ್ಲಿ, ಯಾರೂ ಇಲ್ಲ ಎಂದು ಗಂಟಲು ಹರಿಯುವಂತೆ ಕಿರುಚಿದೆ. ಹತ್ತು ಹೆಂಗಸರ ಎದುರು. ಮರುದಿನ ನೋಡಿದರೆ ಆ ತೋಳಿನಲ್ಲಿ ನನ್ನ ಬೆರಳ ಗುರುತು ನೀಲಿಗಟ್ಟಿತ್ತು.

ಮಾದಮ್ಮ ಕೆಳಗಿಳಿದು ಬಂದು ನನ್ನ ಕೈ ಬಿಡಿಸಿದಳು. "ಟೀಚರಮ್ಮ, ಹೆತ್ತೆ ಹಿಂಗೆ ಅಳುವಾಗ ಗಾಡಿ ಎತ್ತಬಾರದು. ಒಂದು ಸುತ್ತು ನೋಡಿಟ್ಟು ಬರೋಣ" ಎಂದಳು. ನಾನು ಒಪ್ಪಿದ್ದು ನಂಬಿಕೆಯಿಂದಲ್ಲ, ಅಲ್ಲಿಂದ ಎರಡು ನಿಮಿಷ ದೂರ ಹೋದರೆ ಸಾಕಾಗಿತ್ತು. ಸಾಮಾನಿನ ಶೆಡ್ಡಿನ ಹಿಂದೆ ಹೋದ ಮೇಲೆ, ಇಲ್ಲೇ ಸ್ವಲ್ಪ ಹೊತ್ತು ನಿಂತು ವಾಪಸ್ ಹೋಗಿ, 'ನೋಡಿದೆವು, ಯಾರೂ ಇಲ್ಲ' ಎಂದು ಹೇಳಿಬಿಡೋಣ ಎಂದೆ. ಮಾದಮ್ಮ ನನ್ನನ್ನು ಒಂದು ಥರ ನೋಡಿದಳು. "ಹೆತ್ತೆಗೆ ಪೊಯ್ ಹೇಳೋದಾ?" ಎಂದು ಕೇಳಿದಳು. ಪೊಯ್ ಎಂದರೆ ಸುಳ್ಳು. ಅವಳು ಇಳಿಯುತ್ತಾ ಹೋದಳು, ನಾನು ಬೈದುಕೊಳ್ಳುತ್ತಾ ಮೊಬೈಲಿನ ಟಾರ್ಚ್ ಹಿಡಿದು ಹಿಂದೆ ಹೋದೆ.

ಹೊಲದ ಕೆಳಗಿನ ಅಂಚಿನಲ್ಲಿ, ಕಾಡೆಮ್ಮೆ ನುಗ್ಗದಂತೆ ತೋಡಿಸಿದ ಕಂದಕವಿದೆ. ಆಳು ಮುಳುಗುವಷ್ಟು ಆಳ. ಆಚೆ ಬದಿಗೆ ಇಲ್ಲಿಯವರು ಕರ್ಪೂರದ ಮರ ಎನ್ನುವ ನೀಲಗಿರಿ ಮರಗಳು, ಅದರಾಚೆ ಬೇರೆಯವರ ಎಲೆಕೋಸಿನ ಹೊಲ. ಮಾದಮ್ಮ ಕಂದಕದ ಬದಿಯಲ್ಲಿ ನಿಂತು ಬಗ್ಗಿದಳು. ಆಮೇಲೆ ನನ್ನ ಕೈ ಹಿಡಿದು ಟಾರ್ಚನ್ನು ಕೆಳಕ್ಕೆ ತಿರುಗಿಸಿದಳು.

ಕೆಳಗೆ ಒಬ್ಬ ಹುಡುಗಿ ಬಿದ್ದಿದ್ದಳು. ಇಪ್ಪತ್ತು ಇಪ್ಪತ್ತೆರಡರ ವಯಸ್ಸು. ಬಲಗಾಲು ಮೊಣಕಾಲಿನ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು. ತುಟಿ ಕಪ್ಪಿಟ್ಟಿತ್ತು. ಕಣ್ಣು ತೆರೆದು ನಮ್ಮನ್ನೇ ನೋಡುತ್ತಿದ್ದಳು, ಬಾಯಿ ಅಲ್ಲಾಡುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ನಮ್ಮ ಹತ್ತರಲ್ಲಿ ಅವಳು ಇರಲಿಲ್ಲ. ಅವಳ ಮುಖ ನಮ್ಮಲ್ಲಿ ಯಾರೂ ಕಂಡದ್ದಲ್ಲ.

ಮಾದಮ್ಮ ಕೂಗಿ ಉಳಿದವರನ್ನು ಕರೆದಳು. ಡ್ರೈವರ್ ಹಗ್ಗ ತಂದ. ಮೂಟೆಯ ಗೋಣಿಗಳನ್ನು ಜೋಡಿಸಿ ಅವಳನ್ನು ಮೇಲಕ್ಕೆತ್ತಿದೆವು. ಪಿಕಪ್ಪಿನ ಹಿಂದೆ ಹೆಂಗಸರ ತೊಡೆಗಳ ಮೇಲೆ ಮಲಗಿಸಿ, ಇದ್ದಬದ್ದ ಶಾಲುಗಳನ್ನೆಲ್ಲ ಹೊದಿಸಿದರು. ಅತ್ತೆ ಮಣ್ಣಿನಿಂದ ಎದ್ದು ಬಂದರು. ಕೋಲಿನಿಂದ ಎಣಿಸಿದರು. "ಲಾಭ, ಎರಡು, ಮೂರು", ಎಂದಿನಂತೆ, ಸರಿಯಾಗಿ. ಹುಡುಗಿಯನ್ನು ಕೋಲಿನಿಂದ ಮುಟ್ಟಲಿಲ್ಲ, ಕೈಯಿಂದ ಹಣೆ ಮುಟ್ಟಿ "ಹನ್ನೊಂದು" ಎಂದರು. "ಆತು, ನಡೀರಿ" ಎಂದು ಮುಂದಿನ ಸೀಟಿಗೆ ಹೋಗಿ ಕೂತರು. ಬೆಳಿಗ್ಗೆ ಹತ್ತು ಎಣಿಸಿದವರಿಗೆ ಸಂಜೆ ಹನ್ನೊಂದಾದದ್ದು ಯಾಕೆ ಎನಿಸಲಿಲ್ಲವೋ ನನಗೆ ಗೊತ್ತಿಲ್ಲ. ಆಸ್ಪತ್ರೆಯ ಬಾಗಿಲು ಬರುವ ಹೊತ್ತಿಗೆ ನಿದ್ದೆ ಹೋಗಿದ್ದರು.

ರಾತ್ರಿ ಹೊರಗೆ ಉಳಿದಿದ್ದರೆ ಆ ಚಳಿಗೆ ಬೆಳಗಾಗುವುದರೊಳಗೆ ಹೋಗಿಬಿಡುತ್ತಿದ್ದಳು ಎಂದು ಡಾಕ್ಟರ್ ಹೇಳಿದರು. ಹುಡುಗಿ ಜಾರ್ಖಂಡ್ ಕಡೆಯವಳು. ಆಚೆಯ ಎಲೆಕೋಸಿನ ಹೊಲಕ್ಕೆ ಕೆಲಸಕ್ಕೆ ಬಂದಿದ್ದಳಂತೆ. ನಾಲ್ಕು ಗಂಟೆ ಸುಮಾರಿಗೆ ಬಯಲಿಗೆ ಹೋಗಲೆಂದು ಮರಗಳ ಕಡೆ ಬಂದವಳು ಮಂಜಿನಲ್ಲಿ ಕಂದಕ ಕಾಣದೆ ಬಿದ್ದಿದ್ದಳು. ಅವಳ ಕಡೆಯ ಮೇಸ್ತ್ರಿಯನ್ನು ಹುಡುಕಿಸಿ ಮರುದಿನ ವಿಚಾರಿಸಿದೆ. ಒಬ್ಬಳನ್ನು ಬಿಟ್ಟು ಹೇಗಯ್ಯಾ ಗಾಡಿ ಎತ್ತಿದೆ ಎಂದು ಜಗಳಕ್ಕೇ ನಿಂತೆ. ಆ ಮನುಷ್ಯ ಅಳುವ ಹಾಗಾಗಿದ್ದ. ಬೆಳಿಗ್ಗೆ ಹದಿನಾಲ್ಕು ಜನ ಇಳಿಸಿದ್ದೆ, ಸಂಜೆ ಗಾಡಿಗೆ ಹತ್ತಿಸುವಾಗ ಎರಡು ಸಲ ಎಣಿಸಿದೆ, ಎರಡು ಸಲವೂ ಹದಿನಾಲ್ಕು ಬಂತು, ಮಕ್ಕಳ ಮೇಲೆ ಆಣೆ ಎಂದ. ಇಳಿದ ಮೇಲೆ ಅವರವರೇ ಹುಡುಕಿಕೊಂಡಾಗಲೇ ಹದಿಮೂರು ಎಂದು ಗೊತ್ತಾದದ್ದು.

ಮೇಸ್ತ್ರಿ ಹೀಗೆಂದ ದಿನದ ರಾತ್ರಿ ಉತ್ತರಪತ್ರಿಕೆಯ ಕಟ್ಟು ಬಿಚ್ಚಲಾಗಲಿಲ್ಲ. ಒಂದು ಹಾಳೆಯ ಹಿಂದೆ ಬರೆದು ನೋಡಿದೆ. ಅಲ್ಲಿ ಒಬ್ಬಳು ಇರಲಿಲ್ಲ, ಎಣಿಕೆ ಸರಿ ಬಂತು. ಇಲ್ಲಿ ಎಲ್ಲರೂ ಇದ್ದರು, ಎಣಿಕೆ ಒಂದು ಕಡಿಮೆ ಬಂತು. ಎರಡೂ ತಪ್ಪು. ಎರಡನ್ನೂ ಕೂಡಿಸಿದರೆ ಸರಿ. ಎರಡು ಹೊಲಕ್ಕೂ ಸೇರಿ ಯಾರೋ ಒಬ್ಬರೇ ಲೆಕ್ಕ ಇಟ್ಟ ಹಾಗೆ. ಹೀಗೆ ಬರೆದ ನನ್ನ ಮೇಲೆ ನನಗೇ ನಾಚಿಕೆಯಾಯಿತು, ಹಾಳೆ ಹರಿದು ಹಾಕಿದೆ.

ನೀವು ಕೇಳುವುದನ್ನೆಲ್ಲ ನಾನೂ ಕೇಳಿಕೊಂಡಿದ್ದೇನೆ. ಅತ್ತೆಗೆ ಹುಡುಗಿಯ ಕೂಗು ಕೇಳಿಸಿರಬಹುದೇ? ಪಕ್ಕದಲ್ಲಿ ಪಾತ್ರೆ ಬಿದ್ದರೆ ಕೇಳದ ಕಿವಿ, ಎದುರಿಗೆ ಇಂಜಿನ್ ಬೇರೆ. ಬೀಳುವುದನ್ನು ಕಂಡಿರಬಹುದೇ? ನಾಲ್ಕು ಗಂಟೆಗೆ ಅವರು ಶೆಡ್ಡಿನೊಳಗೆ ನನ್ನ ಕಣ್ಣೆದುರೇ ಕೂತು ಬನ್ನು ಅದ್ದಿಕೊಂಡು ಟೀ ಕುಡಿಯುತ್ತಿದ್ದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರೆ ನಮ್ಮೆಜಮಾನರು. ಇರಬಹುದು. ಮುದಿತಲೆ ಒಮ್ಮೆ ಮುಗ್ಗರಿಸಿತು, ಅದೇ ಹೊತ್ತಿಗೆ ಅಲ್ಲೊಬ್ಬಳು ಬಿದ್ದಿದ್ದಳು, ಅಷ್ಟೇ ಎಂದು ನಾನೂ ಎಷ್ಟೋ ಸಲ ಒಪ್ಪಿಕೊಂಡಿದ್ದೇನೆ. ಒಪ್ಪಿಕೊಂಡು ಮಲಗುತ್ತೇನೆ. ಆಮೇಲೆ ಆ ಹನ್ನೊಂದು ನೆನಪಾಗುತ್ತದೆ. ಅತ್ತೆಯನ್ನೇ ಕೇಳೋಣವೆಂದರೆ, ಮಾರನೆಯ ಬೆಳಿಗ್ಗೆಗೆ ಅವರಿಗೆ ಹುಡುಗಿಯೂ ನೆನಪಿಲ್ಲ, ಹೊಲಕ್ಕೆ ಹೋದದ್ದೂ ನೆನಪಿಲ್ಲ. ತೋಳು ಯಾಕೆ ನೋಯುತ್ತದೆ ಎಂದು ನನ್ನನ್ನೇ ಕೇಳಿದರು. ಎಣ್ಣೆ ಹಚ್ಚಿಕೊಟ್ಟೆ. ಆಮೇಲೆ ಒಂದೂವರೆ ವರ್ಷ ಇದ್ದರು. ಎಣಿಕೆ ಮತ್ತೆಂದೂ ತಪ್ಪಲಿಲ್ಲ, ನಾನು ಕಾದು ಕೂತು ಕೇಳಿದ್ದೇನೆ.

ಒಂದು ವಾರ ಕಳೆದ ಮೇಲೆ ಹಣ್ಣು, ಬಿಸಿನೀರಿನ ಫ್ಲಾಸ್ಕು ತೆಗೆದುಕೊಂಡು ಆ ಹುಡುಗಿಯನ್ನು ನೋಡಲು ಹೋಗಿದ್ದೆ. ಕಾಲಿಗೆ ಸಿಮೆಂಟ್ ಕಟ್ಟು ಹಾಕಿದ್ದರು. ವಾರ್ಡಿನ ನರ್ಸಿಗೆ ಹಿಂದಿ ಬರುತ್ತಿತ್ತು, ಹುಡುಗಿ ಹೇಳಿದ್ದನ್ನು ನನಗೆ ತಿಳಿಸುತ್ತಿದ್ದಳು. ಹುಡುಗಿ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದಳು. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತಂತೆ. ಆಗ ಮೇಲಿನಿಂದ ಎರಡು ದನಿ ಕೇಳಿಸಿತಂತೆ. ಭಾಷೆ ತಿಳಿಯಲಿಲ್ಲವಂತೆ, ಆದರೆ ಒಂದು ದನಿ ಹೋಗುವುದು ಬೇಡ ಎಂದು ಅಳುತ್ತಿದೆ, ಇನ್ನೊಂದು ಹೋಗಿಬಿಡೋಣ ಎಂದು ಕಿರುಚುತ್ತಿದೆ ಎಂಬುದು ಮಾತ್ರ ತಿಳಿಯಿತಂತೆ. "ಆ ಕಿರುಚುವ ಬಾಯಿ ಮುಚ್ಚಿಹೋಗಲಿ ದೇವರೇ ಅಂತ ಬೇಡ್ಕೊಂಡಳಂತೆ, ಅಮ್ಮ. ಅವರಿಬ್ಬರೂ ಯಾರು, ನಿಮಗೆ ಗೊತ್ತಾ ಅಂತ ಕೇಳ್ತಿದಾಳೆ" ಎಂದಳು ನರ್ಸ್.

ಅಳುತ್ತಿದ್ದವರು ನಮ್ಮ ಅತ್ತೆ ಎಂದೆ. ಇನ್ನೊಬ್ಬರು ಯಾರೋ ನನಗೆ ಗೊತ್ತಾಗಲಿಲ್ಲ ಎಂದು ಹೇಳಿ, ಹಣ್ಣು ಸುಲಿದು ಅವಳ ಕೈಗೆ ಕೊಟ್ಟೆ.